ಐವಾಲಿಕ್ ಮನೆಯ ತಲೆಬಾಗಿಲ ಕಲ್ಲು

ಏಳು ಅಕ್ಷರಗಳಲ್ಲಿ ಕೊನೆಯದು ಸಿಗ್ಮಾ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಮೇಡಂ ಮೊತ್ತಕ್ಕೆ ಹಾಕುತ್ತಿದ್ದ ಅದೇ ಚಿಹ್ನೆ. ಬಿಸ್ಕತ್ತಿನ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬಿಡಿಸಿದ ಬಾಗಿಲಿನ ತಲೆಗಲ್ಲಿನಲ್ಲಿ ಅದು ಇತ್ತು.

ಬಿಡಿಸಿದವರು ದೋಹಾದ ಬಿನ್ ಮಹಮೂದ್ ಬಡಾವಣೆಯ ನಮ್ಮ ಕಟ್ಟಡದ ಕೆಳಗಿನ ಫ್ಲಾಟಿನಲ್ಲಿ ಮಗನ ಜೊತೆಗಿದ್ದ ಟರ್ಕಿಯ ಅಜ್ಜಿ. ಚಿಕ್ಕಮ್ಮ ಎಂಬ ಅರ್ಥದಲ್ಲಿ ‘ತೇಜೆ’ ಎಂದು ಕರೆಯಲು ಅವರೇ ಕಲಿಸಿದ್ದರು. ಇತಿಹಾಸದ ಎಂ.ಎ. ಮುಗಿಸಿ ಮಂಗಳೂರಿನಿಂದ ಅಪ್ಪ, ಉಮ್ಮನ ಬಳಿಗೆ ಬಂದಿದ್ದ ನನಗೆ ಸಂಜೆಗಳು ಬಿಡುವಾಗಿದ್ದವು. ಏಜಿಯನ್ ಕಡಲ ದಡದ ತಮ್ಮ ಐವಾಲಿಕ್ ಪಟ್ಟಣ, ಆಲಿವ್ ಗಾಣ, ಗುಲಾಬಿ ಕಲ್ಲಿನ ಮನೆ, ಎಲ್ಲವನ್ನೂ ಅವರು ಮುರುಕು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ನಾನು ಕೇಳಿಸಿಕೊಳ್ಳುತ್ತಿದ್ದೆ, ಪ್ರಶ್ನೆ ಹಾಕುತ್ತಿರಲಿಲ್ಲ. ಕೆದಕದಿರುವುದೇ ಮರ್ಯಾದೆ ಎಂದು ನಂಬಿದವಳು ನಾನು.

ದೋಹಾದ ಕನ್ನಡಿಗರು ವರ್ಷಕ್ಕೊಂದು ಸಂಚಿಕೆ ತರುತ್ತಿದ್ದೆವು. ಕನ್ನಡದ ಟೈಪ್‌ರೈಟರ್ ಇರಲಿಲ್ಲವಾದ್ದರಿಂದ ಒಬ್ಬರು ಕೈಯಲ್ಲಿ ಬರೆದದ್ದನ್ನು ಝೆರಾಕ್ಸ್ ಮಾಡುತ್ತಿದ್ದರು. ಆ ವರ್ಷ ಕೈ ನನ್ನದು, ಒಂದು ಲೇಖನವೂ ನನ್ನದು: ಒಟ್ಟೋಮನ್ ಸುಲ್ತಾನರ ಕಾಲದ ಐವಾಲಿಕ್. ತೇಜೆಯ ಮನೆತನ ಆ ಕಾಲದಿಂದಲೂ ಅದೇ ಮನೆಯಲ್ಲಿ ಬಾಳಿತು ಎಂದು ಬರೆದು, ಒಂಬತ್ತು ಪುಟ ಚಿತ್ತಿಲ್ಲದೆ ಮುಗಿಸಿದ್ದೆ. ಪಕ್ಕದಲ್ಲಿ ಹಾಕಲು ಮನೆಯ ಚಿತ್ರವೊಂದನ್ನು ಕೇಳಿದೆ, ಅಷ್ಟೆ. ಅವರು ಆ ರಟ್ಟನ್ನು ಕೈಗಿತ್ತರು.

“ತೇಜೆ, ಇವು ಗ್ರೀಕ್ ಅಕ್ಷರ ಅಲ್ಲವಾ?”

“ಮತ್ತೇನು? ಮನೆ ಕಟ್ಟಿದವನ ಹೆಸರು.”

“ಮನೆ ನಿಮ್ಮದಲ್ಲವಾ?”

“ಯಲ್ಲಾ, ಬಾ, ಕೂತುಕೋ. ಇಷ್ಟು ದಿನ ಚಹಾ ಕುಡಿದೆ, ಇದನ್ನು ಇವತ್ತು ಕೇಳ್ತೀಯ!”

ಸುಲ್ತಾನರ ಕಾಲದಲ್ಲಿ ಆ ಪಟ್ಟಣದಲ್ಲಿ ಇದ್ದವರು ಬಹುಪಾಲು ಗ್ರೀಕ್ ಕ್ರೈಸ್ತರು. ಗಾಣ, ಸಾಬೂನು, ತೋಟ, ಎಲ್ಲ ಅವರದು. ಸಾಮ್ರಾಜ್ಯ ಮುರಿದ ಮೇಲೆ ಅವರನ್ನು ಆಚೆ ದಡದ ಗ್ರೀಸಿಗೆ ಕಳಿಸಿ, ಅಲ್ಲಿನ ಕ್ರೀಟ್ ದ್ವೀಪದ ಮುಸ್ಲಿಮರನ್ನು ತಂದು ಆ ಮನೆಗಳಲ್ಲಿ ಇರಿಸಿದರು. ತೇಜೆಯ ಅಮ್ಮ ಹಾಗೆ ಬಂದವರು.

“ಐದು ಹೊತ್ತು ನಮಾಜು ಮಾಡುವವಳು, ಬಾಯಿಬಿಟ್ಟರೆ ಗ್ರೀಕ್! ಟರ್ಕಿಶ್ ಮಾಫಿ, ಒಂದಕ್ಷರವೂ ಇಲ್ಲ. ಪಕ್ಕದವರು ಅರ್ಧ ಗ್ರೀಕಳು ಅಂತ ಆಡಿಕೊಳ್ಳೋರು.”

ನಾನು ನಕ್ಕೆ. ಮನೆಯಲ್ಲಿ ಬ್ಯಾರಿ ಆಡಿ ಶಾಲೆಯಲ್ಲಿ ಕನ್ನಡ ಕಲಿತವಳಿಗೆ, ಧರ್ಮ ಒಂದಾದರೆ ಮಾತು ಇನ್ನೊಂದಿರಬಹುದು ಎಂಬುದು ಹೊಳೆಯದೆ ಹೋಯಿತಲ್ಲ ಎಂದು ನಾಚಿಕೆಯೂ ಆಯಿತು.

ಸುಣ್ಣ ಬಳಿಯುವಾಗೆಲ್ಲ ಅವರಮ್ಮ ಮೊದಲು ಆ ಏಳು ಅಕ್ಷರಗಳಿಗೆ ಬಟ್ಟೆ ಮುಚ್ಚುತ್ತಿದ್ದರಂತೆ. ಯಾರಾದರೂ ಹುಡುಕಿಕೊಂಡು ಬಂದರೆ ಗುರುತು ಸಿಗಲಿ ಎಂದು. ಒಮ್ಮೆ ಬಂದರು ಕೂಡ. ಟೋಪಿ ಕೈಯಲ್ಲಿ ಹಿಡಿದ ಮುದುಕರೊಬ್ಬರು ಬೀದಿಯಲ್ಲೇ ನಿಂತು ಹೆಸರನ್ನು ಗಟ್ಟಿಯಾಗಿ ಓದಿದರು. ಅಮ್ಮ ಅವರದೇ ಭಾಷೆಯಲ್ಲಿ ಒಳಗೆ ಕರೆದರು. ಅವರು ಹೊರಟಾಗ ಅಮ್ಮ ಒಂದು ಡಬ್ಬಿ ಆಲಿವ್ ಎಣ್ಣೆ ಕೊಟ್ಟು, “ನಿಮ್ಮಜ್ಜ ನೆಟ್ಟ ಮರದ್ದು” ಎಂದರಂತೆ.

ಲೇಖನದಲ್ಲಿ ಬರೆದಿದ್ದನ್ನು ಹೇಳಿ ತಪ್ಪು ಒಪ್ಪಿಕೊಂಡೆ. ಸರಿಪಡಿಸಿದರೆ ಮನೆ ನಿಮ್ಮದಲ್ಲ ಎಂದು ಊರಿಗೆಲ್ಲ ಸಾರಿದಂತಾಗುತ್ತದೆ, ನಿಮಗೆ ನೋವಾಗುವುದಿಲ್ಲವೇ ಎಂದೂ ಕೇಳಿದೆ. ಅಂದು ನನ್ನ ಮೂರನೆಯ ಪ್ರಶ್ನೆ ಅದು.

“ಅಮ್ಮ ಸುಣ್ಣದಲ್ಲಿ ಮುಚ್ಚದೆ ಉಳಿಸಿದ್ದನ್ನು ನೀನು ಶಾಯಿಯಲ್ಲಿ ಮುಚ್ಚುತ್ತೀಯಾ, ಮಗಳೇ?”

ಮರುದಿನ ಬೆಳಿಗ್ಗೆ ಹಾಳೆಗಳನ್ನು ಒಯ್ಯಲು ಸಂಚಿಕೆಯ ಹಿರಿಯರು ಬಂದರು, ವಿಜಯಪುರದ ಕಡೆಯವರು.

“ಏನ್ ತಂಗಿ, ಆತಿಲ್ಲೋ? ಇವತ್ತ ಝೆರಾಕ್ಸ್ ಖಲಾಸ್ ಮಾಡಬೇಕವಾ!”

“ಮಧ್ಯಾಹ್ನದವರೆಗೆ ಸಮಯ ಕೊಡಿ ಸರ್. ಒಂಬತ್ತು ಪುಟ ಮತ್ತೆ ಬರೆಯಬೇಕು.”

“ಒಂಬತ್ತೂ? ಅಕ್ಷರ ಮುತ್ತಿನಂಗ ಅದಾವಲ್ಲ!”

ಅಕ್ಷರಗಳದ್ದೇ ವಿಷಯ ಎಂದು ಹೇಳಿ ಅವರಿಗೆ ಚಹಾ ಕೊಟ್ಟೆ. ಹೊಸ ಹಾಳೆಗೆ ಅಂಚು ಎಳೆದು, ಮೊದಲು ತೇಜೆಯ ಬಾಗಿಲನ್ನು ನಕಲು ಮಾಡಿದೆ, ಸಿಗ್ಮಾದವರೆಗೂ.