ನಾಲ್ಕನೇ ಜ್ವರ

ದೇವನಹಳ್ಳಿಯಲ್ಲಿ ಇನ್ನೇನು ವಿಮಾನದ ಬಾಗಿಲು ಹಾಕಬೇಕು, ಅಲ್ಲೇ ಪಕ್ಕದ ವಿಜಯಪುರದ ಕಡೆಯ ಗೌಡರೊಬ್ಬರು ಫೋನಿನಲ್ಲಿ ಹೆಂಡತಿಗೆ ಕೂಗಿದರು: “ಎಲ್ಲಾ ನಾಲ್ಕನೇ ಜ್ವರಕ್ಕೆ ಕೂತವೆ ಕಣೇ, ಸೊಪ್ಪು ಹಾಕ್ಬೇಡ!”

ನಮ್ಮ ಸೀನಿಯರ್ ಗಗನಸಖಿಯ ಕಿವಿಗೆ ಬಿದ್ದದ್ದು ‘ಜ್ವರ’ ಒಂದೇ.

“ಮೇಡಂ, ರೇಷ್ಮೆಹುಳ ಪೊರೆ ಬಿಡೋದಕ್ಕೆ ನಮ್ಕಡೆ ಜ್ವರ ಅಂತಾರೆ” ಅಂತ ಬಡ್ಕೊಂಡೆ. ನಮ್ಮನೇಲೂ ಹುಳ ಮೇಯಿಸ್ತೀವಿ.

“ಜ್ವರ ಅಂದ್ಮೇಲೆ ಡಾಕ್ಟರ್ ನೋಡ್ಲೇಬೇಕು. ರೂಲ್ಸ್ ರೂಲ್ಸೇ.”

ಬಾಗಿಲು ತೆರೆದೇ ಕಾದೆವು. ಡಾಕ್ಟರು ಬಂದು ಗೌಡರನ್ನು ಕೇಳಿದರು: “ಜ್ವರ ಇದ್ಯಾ?”

“ಐತೆ ಸ್ವಾಮಿ. ನಾಳೆ ಏಳ್ತವೆ.”

ಡಾಕ್ಟರು ಅವರ ಹಣೆಗೆ ಥರ್ಮಾಮೀಟರ್ ಹಿಡಿದು, ‘ನಾರ್ಮಲ್’ ಎಂದು ಇಳಿದು ಹೋದರು.

ವೈದ್ಯಕೀಯ ಕಾರಣದಿಂದ ತಡವಾಯಿತು, ಕ್ಷಮಿಸಿ ಅಂತ ಮೈಕಿನಲ್ಲಿ ಹೇಳುವ ಕರ್ಮವೂ ನನ್ನದೇ. ಮೈಕ್ ಇಟ್ಟಿದ್ದೇ ತಡ, ಗೌಡರು ಕೈಸನ್ನೆ ಮಾಡಿ ಕರೆದರು.

“ಪಾಪ, ಯಾರಿಗಮ್ಮಾ ಹುಷಾರಿಲ್ಲ?”