ಸೇಂದಿ ಅಂಗಡಿಯ ಬಂದೋಬಸ್ತು

"ಬರಿಯೋ ನಿಮ್ಮ ಕೈ ಸೇದಿ ಹೋಗ್ಲಿ ಯಪ್ಪಾ!"

ಕಳೆದ ಮಂಗಳವಾರ ರಾಯಚೂರಿನ ಕಚೇರಿಯ ಮುಂದೆ, ಬೇವಿನ ಮರದ ಕೆಳಗೆ, ನಾಲ್ಕು ಮಂದಿ ಕೇಳುವಂತೆ ಯಂಕವ್ವ ನನಗೆ ಹಾಕಿದ ಶಾಪ ಇದು. (ಶಾಪದಲ್ಲೂ ಬಹುವಚನ, ಮೇಲೊಂದು ಯಪ್ಪಾ. ನಮ್ಮ ಕಡೆಯವರು ಮರ್ಯಾದೆ ಬಿಟ್ಟು ಬೈಯುವುದಿಲ್ಲ.) ಶಾಪ ನ್ಯಾಯವಾದದ್ದೇ ಆಗಿತ್ತು.

ಈ ಅಂಕಣ ನನ್ನ ವಾರದ ಚಟ, ಹೊಟ್ಟೆಪಾಡು ಬೇರೆ ಎಂದು ನಿಮಗೆ ಗೊತ್ತು. ಕಚೇರಿಯ ಭಾಷೆ ಉರ್ದು, ಜನರ ಬಾಯಿ ಕನ್ನಡ. ನಡುವೆ ಚಾಪೆ ಹಾಸಿ ಕೂತು ಅರ್ಜಿ ಬರೆದುಕೊಡುವವನು ನಾನು. ಹದಿನೈದು ವರ್ಷದಿಂದ ಬರೆಯುತ್ತಿದ್ದೇನೆ. ನನ್ನ ಉರ್ದುವಿನಲ್ಲಿ ತಪ್ಪು ಹುಡುಕಿದವನಿಲ್ಲ ಎಂದು ಮೊನ್ನೆಯವರೆಗೆ ಮೀಸೆ ತಿರುವುತ್ತಿದ್ದೆ.

ಯಂಕವ್ವ ಮಾನ್ವಿಗೂ ದೇವದುರ್ಗಕ್ಕೂ ನಡುವಿನ ಒಂದು ಹಳ್ಳಿಯವಳು. ಕಳೆ ತೆಗೆಯುವ ಹೆಂಗಸರ ಗುಂಪಿಗೆ ಮುಂದಾಳು. (ಹಳ್ಳಿಯ ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿಗೆ ಮೂರನೆಯ ಅಂಗಡಿ ಬಂದೀತು. ಯಾಕೆ ಎಂದು ಮುಂದೆ ತಿಳಿಯುತ್ತದೆ.) ಅವಳ ಕೇರಿಗೆ ಇರುವುದು ಒಂದೇ ಬಾವಿ. ಊರೊಳಗಿನ ಬಾವಿಗೆ ಇವರನ್ನು ಬಿಡುವುದಿಲ್ಲ. ಆ ಸಿಟ್ಟು ನನ್ನಲ್ಲಿ ಬೇರೆಯೇ ಇದೆ. ಆ ಒಂದು ಬಾವಿಯ ದಾರಿಯಲ್ಲೇ ಸೇಂದಿ ಅಂಗಡಿ.

ಎರಡು ತಿಂಗಳ ಹಿಂದೆ ಆಕೆ ಇನ್ನಿಬ್ಬರು ಹೆಂಗಸರನ್ನು ಕಟ್ಟಿಕೊಂಡು ರಾಯಚೂರಿಗೆ ಬಂದಿದ್ದಳು. ಜೊತೆಗೆ ಕೇರಿಯ ಹದಿನೇಳು ಹೆಂಗಸರ ಹೆಬ್ಬೆಟ್ಟು ಒತ್ತಿಸಿದ ಖಾಲಿ ಕಾಗದ.

"ನನ್ನ ಸೊಸಿ ತಲಿಮ್ಯಾಗಿನ ಕೊಡ ಕಸಗೊಂಡು ಒಗದಾನ ಯಪ್ಪಾ, ಕುಡುದಾವ. ಬಸುರಿ ಅದಾಳ ಆಕಿ. ನೀರಿಗಿ ಹೋಗಾಕ ಅಂಜಾಕತ್ತಾಳ."

"ಏನಂತ ಬರೀಬೇಕ ಯವ್ವಾ?"

"ಆ ದುಕಾನಿಂದೊಂದು ಬಂದೋಬಸ್ತ್ ಮಾಡ್ರಿ ಅಂತ ಬರೀರಿ. ಅಷ್ಟ ಸಾಕು."

ಬಂದೋಬಸ್ತ್ ಮಾಡು ಎಂದರೆ ನಮ್ಮಲ್ಲಿ ಅರ್ಥವೇನು? ಊರಿಗೆ ಹುಚ್ಚು ನಾಯಿ ಬಂದರೆ ಅದರ ಬಂದೋಬಸ್ತ್ ಮಾಡ್ರೋ ಎನ್ನುತ್ತೇವೆ. ಯಾರೂ ಹೋಗಿ ನಾಯಿಗೆ ಮನೆ ಕಟ್ಟಿಕೊಡುವುದಿಲ್ಲ.

ಮಾನ್ವಿಯ ಬಸ್ಸು ಹೊರಡುವ ಹೊತ್ತು. ಪೆಟ್ರೋಲ್ ಎಲ್ಲ ಯುದ್ಧಕ್ಕೆ ಹೋಗಿ ಬಸ್ಸು ಇದ್ದಿಲ ಗ್ಯಾಸಿನ ಮೇಲೆ ಓಡುತ್ತಿದೆ. ಹೊಗೆ ಕಂಡರೆ ಹೊರಟಿತೆಂದು ಹೆಂಗಸರಿಗೆ ಗಡಿಬಿಡಿ. ನಾನೂ ಅವಸರದಲ್ಲಿ ಬರೆದೆ. ಅಂಗಡಿಯ ಮುಂದೆ ವಿಪರೀತ ಗದ್ದಲ, ಬಾವಿಯ ದಾರಿ ಕಟ್ಟಿಹೋಗಿದೆ, ಹೆಂಗಸರಿಗೆ ತೊಂದರೆ. ಕೊನೆಯ ಸಾಲಿಗೆ ಯಂಕವ್ವನ ಮಾತನ್ನೇ ಇಟ್ಟೆ: ದುಕಾನ್ ಕಾ ಬಂದೋಬಸ್ತ್ ಕಿಯಾ ಜಾಯೆ.

ತಿಂಗಳು ತುಂಬುವುದರೊಳಗೆ ಬಂದೋಬಸ್ತ್ ಆಯಿತು.

"ದುಕಾನ ಎರಡಾದುವು ಯಪ್ಪಾ!" ಮಂಗಳವಾರ ಶಾಪ ಹಾಕಿ ಮುಗಿಸಿ ಯಂಕವ್ವ ಅಳಲು ಶುರುಮಾಡಿದಳು. "ಬಾವಿ ಆ ಕಡಿಗೊಂದು, ಈ ಕಡಿಗೊಂದು. ಎತ್ತಾಗಿಂದ ಹೋದರೂ ಕುಡುಕ್ರು. ನನ್ನ ಸೊಸಿ ದಿನಾ ತುಂಬಿದ ಹೊಟ್ಟಿ ಹೊತ್ಗೊಂಡು ಹಳ್ಳಕ ಹೋಗಿ, ಉಸುಕಿನಾಗ ವರ್ತಿ ತೋಡಿ ನೀರು ತರಾಕತ್ತಾಳ."

ನಾನು ಆ ಅರ್ಜಿಯ ನಕಲು ಹುಡುಕಿ ತೆಗೆದೆ. ಪಕ್ಕದಲ್ಲಿ ಮಸಿ, ಕಾಗದ ಮಾರುವ ಹುಸೇನಸಾಬರು ಅದನ್ನು ತೆಗೆದುಕೊಂಡು ಓದಿದರು. ಕನ್ನಡಕ ಹಣೆಗೇರಿಸಿದರು.

"ಅರೇ ಭಾಯಿ, ಇದೇನ ಬರ್ದೀರಿ? ಮದಿವಿಗಿ ಊಟದ ಬಂದೋಬಸ್ತ್ ಅಂದ್ರ ಊಟ ಬಂದ್ ಮಾಡೂದೇನ್ರೀ? ದುಕಾನ್ ಹಾಕ್ಕೊಡ್ರಿ ಅಂತ ಆತಲ್ಲ!"

ತಪ್ಪು ನನ್ನದು. ಒಪ್ಪಿದೆ. ತಲೆ ತಗ್ಗಿಸಿಕೊಂಡೇ ಆಬಕಾರಿ ಆಫೀಸಿಗೆ ಹೋದೆ, ಸರಿಪಡಿಸಲು. ಅಲ್ಲಿಯ ಗುಮಾಸ್ತ ಸಜ್ಜನ. ಕೂಡಿಸಿ ಚಹಾ ತರಿಸಿದ. ಫೈಲು ತೆಗೆದ.

"ಸಾಹೇಬ್ರ, ಬಂದೋಬಸ್ತ್ ಅನ್ನೂದು ಬಿಡ್ರಿ, ಅದು ನನ್ನ ತಪ್ಪು. ಮ್ಯಾಲ ನೋಡ್ರಿ, ಹೆಂಗಸ್ರಿಗಿ ತೊಂದ್ರಿ ಅಂತ ಬರ್ದೀನಲ್ಲ?"

"ಗದ್ದಲ ಅಂತನೂ ಬರ್ದೀರಲ್ರೀ. ಒಂದು ದುಕಾನಿಗಿ ಗದ್ದಲ ಆದ್ರ ಇನ್ನೊಂದು ಹಾಕಬೇಕು. ಹಾಕೀವಿ."

"ಈಗ ಬಂದ್ ಮಾಡ್ರಿ."

"ಹೆಂಗ ಬರ್ತದ್ರೀ? ಪಬ್ಲಿಕ್ ಬೇಕಂತ ಹೆಬ್ಬೆಟ್ಟು ಒತ್ತೇದ. ಹದಿನೇಳು ಮಂದಿ!"

ಆಮೇಲೆ ಬಹಳ ಅಭಿಮಾನದಿಂದ ವರ್ಷದ ರಿಪೋರ್ಟಿನ ಕರಡು ತೋರಿಸಿದ. ಸೇಂದಿ ಸಪ್ಲಾಯ್ ಹೋದ ವರ್ಷಕ್ಕಿಂತ ಹೆಚ್ಚು. ಅದಕ್ಕೂ ಹಿಂದಿನ ವರ್ಷಕ್ಕಿಂತ ಇನ್ನೂ ಹೆಚ್ಚು. ಎದುರಿಗೆ ಕಾರಣ ಎಂಬ ಒಂದು ಕಾಲಂ. ಅದರಲ್ಲಿ ದುಂಡಗೆ ಬರೆದಿದ್ದ: ಪಬ್ಲಿಕ್ ಡಿಮ್ಯಾಂಡ್.

ಅರ್ಧ ಚಹಾ ಅಲ್ಲೇ ಬಿಟ್ಟು ಎದ್ದೆ.

ಯಾರ ಡಿಮ್ಯಾಂಡ್ ಸ್ವಾಮಿ? ಆ ಬಸುರಿಯದೇ? ಈ ಊರಿನಲ್ಲಿ ಸೀಮೆ ಎಣ್ಣೆಗೆ ಚೀಟಿ. ಸಕ್ಕರೆಗೆ ಚೀಟಿ. ಹೆಣದ ಮೇಲೆ ಹೊದಿಸುವ ಬಟ್ಟೆಗೂ ಚೀಟಿ. ಯಾವುದನ್ನು ಕೇಳಿದರೂ ಯುದ್ಧ ನಡೆದಿದೆ, ಸಪ್ಲಾಯ್ ಇಲ್ಲ. ಸೇಂದಿಗೆ ಮಾತ್ರ ಯುದ್ಧವೂ ಇಲ್ಲ, ಕಂಟ್ರೋಲೂ ಇಲ್ಲ! ಎಣ್ಣೆ ಹೊತ್ತ ಗಾಡಿಗೆ ದಾರಿ ಸಿಗುವುದಿಲ್ಲ, ಸೇಂದಿ ಗಡಿಗೆ ಹೊತ್ತ ಗಾಡಿಗೆ ಹೇಗೆ ಸಿಗುತ್ತದೆ?

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಬೇಡದ ವರವನ್ನು ಪೂಜಾರಿಯೇ ಮನೆ ಬಾಗಿಲಿಗೆ ತಂದು ಕೊಟ್ಟಿದ್ದಾನೆ.

ನನಗೆ ಸಿಟ್ಟು ಬಂದದ್ದು ಇದಕ್ಕಿಂತ ಹೆಚ್ಚಾಗಿ ಇನ್ನೊಂದಕ್ಕೆ. ಇದೇ ಕೇರಿಗೆ ಇನ್ನೊಂದು ಬಾವಿ ತೋಡಿಸಿ ಎಂದು ಇದೇ ಯಂಕವ್ವನಿಗೆ ನಾನು ಎಷ್ಟು ಅರ್ಜಿ ಬರೆದುಕೊಟ್ಟಿಲ್ಲ! ಆ ಅರ್ಜಿಗಳಲ್ಲಿ ಒಂದು ಅಕ್ಷರ ತಪ್ಪಿರಲಿಲ್ಲ. ಒಂದಕ್ಕೂ ಉತ್ತರ ಬಂದಿಲ್ಲ. ಒಂದೇ ಒಂದು ಅರ್ಜಿ ತಪ್ಪು ಬರೆದೆ, ಅದನ್ನು ತಿಂಗಳೊಳಗೆ ಮಂಜೂರು ಮಾಡಿದರು. ಹೀಗಿರುವಾಗ ನನ್ನ ತಪ್ಪು ದೊಡ್ಡದೋ, ಅವರ ಕಿವಿ ದೊಡ್ಡದೋ? ತಮಗೆ ಬೇಕಾದದ್ದನ್ನೇ ಕೇಳಿಸಿಕೊಳ್ಳುವ ಕಿವಿಗೆ ನಾನು ಬರೀ ನೆಪ ಒದಗಿಸಿದೆ.

ಹೊರಗೆ ಬಂದರೆ ಯಂಕವ್ವ ಬೇವಿನ ಬುಡದಲ್ಲಿ ಇನ್ನೂ ಕೂತಿದ್ದಳು. ಹುಸೇನಸಾಬರು ಅವಳಿಗೆ ನೀರು ಕೊಟ್ಟು, ಬಿಚ್ಚಿಕೊಂಡಿದ್ದ ಬುತ್ತಿಯಲ್ಲಿ ಅರ್ಧ ರೊಟ್ಟಿ ಕೊಟ್ಟಿದ್ದರು. ಅವಳು ತಿಂದಿರಲಿಲ್ಲ, ಸೊಸೆಗೆಂದು ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ನನ್ನ ಮುಖ ನೋಡಿದಳು.

"ಯವ್ವಾ, ಈ ಸಲ ಸರಿಯಾಗಿ ಬರೀತೀನಿ. ಎರಡೂ ದುಕಾನ್ ಬಂದ್ ಮಾಡ್ರಿ ಅಂತ ದಪ್ಪ ಅಕ್ಷರದಾಗ ಬರೀತೀನಿ. ದುಡ್ಡು ಬ್ಯಾಡ."

ಯಂಕವ್ವ ತನ್ನ ಹೆಬ್ಬೆಟ್ಟನ್ನು ಒಮ್ಮೆ ನೋಡಿಕೊಂಡಳು.

"ಬ್ಯಾಡ ಯಪ್ಪಾ. ಬಂದ್ ಮಾಡ್ರಿ ಅನ್ನಾಕ ಹೋಗಿ ಎರಡಾದುವು. ಈ ಸಲ ನಮ್ಮ ಬಾವಿ ಬಂದ್ ಮಾಡ್ರಿ ಅಂತ ಬರೀರಿ. ಬಾವಿನೂ ಎರಡಾದ್ರ ಆಗಲಿ."

ಲೇಖನಿ ಕೈಯಲ್ಲೇ ಇತ್ತು. ಬರೆಯಲಿಲ್ಲ. ಆ ಅರ್ಜಿಯೊಂದನ್ನು ಮಾತ್ರ ಅವರು ತಪ್ಪಿಲ್ಲದೆ ಓದಿಬಿಟ್ಟರೆ?