ಕಾಗದದ ಕಡಲಿನಲ್ಲಿ ಒಂದು ಕಲ್ಲು

ಇಂಥ ಅನುಭವಗಳನ್ನು ಬರೆಯುವವರ ಬಗ್ಗೆ ನನಗೆ ಮೊದಲಿನಿಂದಲೂ ಸ್ವಲ್ಪ ಅಸಹನೆ ಇತ್ತು. ಯಾರಾದರೂ ‘ವಿವರಿಸಲಾಗದ ಘಟನೆ’ ಎಂದು ಶುರುಮಾಡಿದರೆ, ಅವರು ವಿವರಿಸುವ ಕಷ್ಟ ತೆಗೆದುಕೊಂಡಿಲ್ಲ ಎಂದೇ ಅರ್ಥಮಾಡಿಕೊಳ್ಳುತ್ತಿದ್ದೆ. ಈಗ ನಾನೇ ಬರೆಯಲು ಕುಳಿತಿದ್ದೇನೆ. ಆ ಕಷ್ಟವನ್ನು ನಾನು ತೆಗೆದುಕೊಂಡಿದ್ದೇನೆ ಎಂಬುದನ್ನಷ್ಟೇ ಮೊದಲಿಗೆ ಹೇಳಬಲ್ಲೆ.

೨೦೦೭ರ ಮಾತು. ನಾನು ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆ. ಶನಿಗ್ರಹವನ್ನು ಸುತ್ತುತ್ತಿದ್ದ ನೌಕೆಯೊಂದು ಆಗ ಅದರ ಅತಿ ದೊಡ್ಡ ಚಂದ್ರ ಟೈಟನ್‌ನ ಚಿತ್ರಗಳನ್ನು ಕಳಿಸುತ್ತಿತ್ತು. ಟೈಟನ್ನಿಗೆ ದಟ್ಟವಾದ ಮಬ್ಬು ಮುಸುಕಿರುವುದರಿಂದ ಸಾಮಾನ್ಯ ಕ್ಯಾಮೆರಾಕ್ಕೆ ನೆಲ ಸರಿಯಾಗಿ ಕಾಣುವುದಿಲ್ಲ. ನೌಕೆ ರೇಡಿಯೋ ಅಲೆಗಳನ್ನು ಕೆಳಕ್ಕೆ ಬಿಟ್ಟು, ಮರಳಿ ಬಂದದ್ದರಿಂದ ಚಿತ್ರ ಕಟ್ಟುತ್ತದೆ. ಒರಟು ನೆಲ ಬೆಳ್ಳಗೆ ಮೂಡುತ್ತದೆ. ನಯವಾದ ದ್ರವ ನಿಂತಲ್ಲಿಂದ ಏನೂ ಮರಳುವುದಿಲ್ಲ, ಅಲ್ಲಿ ಚಿತ್ರ ಕಪ್ಪು. ಹೀಗೆ ಟೈಟನ್ನಿನ ಉತ್ತರದಲ್ಲಿ ಕಡಲುಗಳು ಕಂಡಿದ್ದವು. ನೀರಿನವಲ್ಲ, ದ್ರವರೂಪದ ಮೀಥೇನ್‌ನವು. ಆದರೂ ದಂಡೆಯಿತ್ತು, ಹೊಳೆ ಕಡಲು ಸೇರುವ ಅಳಿವೆಯಿತ್ತು, ಕಡಲಿಗೆ ಚಾಚಿದ ಗುಡ್ಡದ ಮೂಗುಗಳಿದ್ದವು.

ಮಳೆಗಾಲದ ಕೊನೆಗೆ ಊರಿಗೆ ಬಂದಾಗ, ಕಾರವಾರದ ಒಂದು ಸೈಬರ್ ಕೆಫೆಯಲ್ಲಿ ಅಂಥ ಒಂದು ಚಿತ್ರವನ್ನು ನಾಲ್ಕು ಹಾಳೆಗಳಲ್ಲಿ ಮುದ್ರಿಸಿ, ಗೋಂದು ಹಚ್ಚಿ ಒಂದಾಗಿಸಿ ಮನೆಗೆ ತಂದೆ. ನಮ್ಮ ಮನೆ ಬೇಲೆಕೇರಿಯಲ್ಲಿ. ಅಪ್ಪ ತೀರಿಕೊಂಡ ಮೇಲೆ ನನ್ನ ಓದನ್ನು ನಡೆಸಿದವನು ದೋಣಿಗೆ ಹೋಗುವ ಚಿಕ್ಕಪ್ಪ. ಅಜ್ಜ ಹಿಂದೆ ತಾಂಡೇಲನಾಗಿದ್ದವನು, ಅಂದರೆ ದೋಣಿಯ ಮುಖ್ಯಸ್ಥ. ಆಗ ಅವನ ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದರಲ್ಲಿ ಪೊರೆ. ಪೇಪರು, ಟಿವಿ ಯಾವುದೂ ಕಾಣುತ್ತಿರಲಿಲ್ಲ. ಆದರೆ ಅಚ್ಚ ಕಪ್ಪು, ಅಚ್ಚ ಬಿಳಿಯ ಈ ಚಿತ್ರ ಕಂಡಿತು. ಕಾಗದವನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ.

“ಯಾವ ಊರಿನ ಕಡಲು ತಂಗಿ ಇದು?”

ಶನಿಯ ಚಂದ್ರನದು ಎಂದೆ.

“ಶನಿಯ ಮನೇಲೂ ಕಡಲು ಉಂಟಾ! ಹಾಗಾದ್ರೆ ಅಲ್ಲೂ ಯಾರೋ ಒಬ್ಬ ಸಾಲ ಮಾಡಿ ಬಲೆ ತಕಂಡಿರ್ತಾ,” ಎಂದು ನಕ್ಕ.

ಅಮ್ಮ ನಗಲಿಲ್ಲ. “ಮನೆಯೊಳಗೆ ತರ್ಲಿಕ್ಕೆ ಇವಳಿಗೆ ಶನಿಯೇ ಸಿಕ್ಕಿದ್ನಾ? ದೇವರ ಕೋಣೆ ಹತ್ರ ಮಾತ್ರ ಇಡ್ಬೇಡ,” ಎಂದಳು. ನಾನು ಅದನ್ನು ನನ್ನ ಪೆಟ್ಟಿಗೆಯ ಮೇಲೆ ಬಿಡಿಸಿಟ್ಟೆ.

ನಾಲ್ಕು ದಿನಗಳ ನಂತರ ಬೆಳಗಿನ ಜಾವ ಹೋದ ಚಿಕ್ಕಪ್ಪ ಸಂಜೆಗೆ ಬರಲಿಲ್ಲ. ಚಿಕ್ಕ ದೋಣಿ, ಒಂದು ಮೋಟಾರು, ಜೊತೆಗೆ ಪಕ್ಕದ ಮನೆಯ ನಾಗೇಶ. ಆ ವರ್ಷ ಕಡಲಿನ ಅಬ್ಬರ ಇನ್ನೂ ಇಳಿದಿರಲಿಲ್ಲ. ಮೋಟಾರು ಕೆಟ್ಟಿರಬೇಕು ಎಂದರು. ತೆಂಕು ಪಡುವಣದ ಗಾಳಿ ಇದ್ದುದರಿಂದ ದೋಣಿ ಬಡಗಕ್ಕೇ ಹೋಗಿರಬೇಕು ಎಂದು ಎಲ್ಲರ ಲೆಕ್ಕ. ಎರಡು ದಿನ ಊರಿನ ದೋಣಿಗಳು ಕಾರವಾರದ ಕಡೆಯ ನಡುಗಡ್ಡೆಗಳವರೆಗೆ ಹುಡುಕಿ ಬಂದವು. ಬಡಗಿನ ತೋಡೂರಿನಲ್ಲಿರುವ ಅತ್ತೆ, ಆ ಕಡೆಯ ದಂಡೆಗೆ ದೋಣಿಯ ಒಂದು ಹುಟ್ಟೂ ಬಂದು ಬಿದ್ದಿಲ್ಲ ಎಂದು ಫೋನು ಮಾಡಿದಳು. ಚಿಕ್ಕಮ್ಮ ಹಿತ್ತಲ ಬಾಗಿಲಲ್ಲಿ ಕುಳಿತವಳು ಏಳಲಿಲ್ಲ. ಅಮ್ಮ ನನ್ನನ್ನು ಬೈಯಲಿಲ್ಲ. ಪೆಟ್ಟಿಗೆಯ ಮೇಲಿನ ಕಾಗದವನ್ನು ಒಮ್ಮೆ ನೋಡಿ ಒಳಗೆ ಹೋದಳು. ಬೈದಿದ್ದರೇ ಒಳ್ಳೆಯದಿತ್ತು.

ಮೂರನೆಯ ದಿನ ಬೆಳಿಗ್ಗೆ ಅಂಗಳದಲ್ಲಿ ಏಳೆಂಟು ಗಂಡಸರು ಸೇರಿದ್ದರು. ಇವತ್ತೂ ಬಡಗಕ್ಕೇ ಹೋಗಿ ಕೊನೆಯ ಸಲ ನೋಡುವುದು ಎಂಬ ಮಾತು ನಡೆದಿತ್ತು. ಆ ‘ಕೊನೆಯ ಸಲ’ ಚಿಕ್ಕಮ್ಮನಿಗೂ ಕೇಳಿಸಿತ್ತು. ಅಜ್ಜ ಆಗ ನನ್ನನ್ನು ಕರೆದ.

“ತಂಗಿ, ಆ ಕಡಲಿನ ಕಾಗದ ತಾ.”

ತಂದುಕೊಟ್ಟೆ. ಅಜ್ಜ ಅದನ್ನು ನೆಲದ ಮೇಲೆ ಹಾಸಿ, ಕಪ್ಪು ಭಾಗ ಎಡಕ್ಕೆ ಬರುವ ತನಕ ತಿರುಗಿಸಿದ. ನಮ್ಮ ಕಡಲು ಪಡುವಣಕ್ಕಿದೆ, ಅದಕ್ಕೆ. ಹಾಗೆ ತಿರುಗಿಸಿದಾಗ ಆ ಚಿತ್ರದ ಉತ್ತರ ಉತ್ತರವಾಗಿ ಉಳಿಯಲಿಲ್ಲ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು. ಅವನು ಬಗ್ಗಿ, ಒಂದು ಅಳಿವೆಯ ಬಾಯಿಯಿಂದ ಬೆರಳು ಹೊರಡಿಸಿ, ದಂಡೆಯ ಗುಂಟ ಕೆಳಕ್ಕೆ, ಅಂದರೆ ತೆಂಕಕ್ಕೆ, ತಂದ.

“ಒಂದು ಮೂಗು. ಎರಡು. ಇದು ಮೂರು. ಇದನ್ನ ದಾಟಿ ಹೊರಗೆ ಬಂದ್ರೆ ಕಲ್ಲು ಉಂಟು ನೋಡಿ. ಕಲ್ಲಿನ ಹತ್ರ ಇದ್ದಾರೆ.”

ಬೆರಳ ತುದಿಯಲ್ಲಿ, ಕಪ್ಪಿನ ನಡುವೆ, ಅಕ್ಕಿಕಾಳಿನಷ್ಟು ಬಿಳಿ ಚುಕ್ಕೆ ಇತ್ತು. ಅದನ್ನು ನಾನು ಅಲ್ಲಿಯವರೆಗೆ ಗಮನಿಸಿರಲಿಲ್ಲ.

ದೇವಣ್ಣ ಎಂಬವನು ಬಗ್ಗಿ ನೋಡಿದ. “ಅಳಿವೆ ಅಂದ್ರೆ ನಮ್ಮದೇ. ಅಲ್ಲಿಂದ ಮೂರನೇ ಮೂಗು ಅಂದ್ರೆ ಬೆಳಂಬಾರ ದಾಟ್ಬೇಕು. ಆದ್ರೆ ಅಲ್ಲಿ ಎಲ್ಲಿ ಕಲ್ಲು ಅಜ್ಜಾ?”

“ನಿನ್ನ ಕಣ್ಣು ಚಲೋ ಉಂಟಲ್ಲ, ನೋಡು.”

“ಓದಿದ ಹುಡುಗಿ ಕಾರವಾರದಿಂದ ತಂದದ್ದು. ಸರ್ಕಾರದ ನಕ್ಷೆ ಇರ್ಬೇಕು,” ಎಂದು ಇನ್ನೊಬ್ಬ ಹೇಳಿದ. ಎಲ್ಲರೂ ನನ್ನ ಮುಖ ನೋಡಿದರು.

ನಾನು ಹೇಳಬೇಕಾಗಿದ್ದುದು ಒಂದೇ ವಾಕ್ಯ. ಇದು ನಮ್ಮ ಕಡಲಲ್ಲ. ಹೇಳಿದ್ದರೆ ಅವರು ಬಡಗಕ್ಕೆ ಹೋಗುತ್ತಿದ್ದರು. ನಾನು ಹೇಳದೆ ಅವರು ತೆಂಕಕ್ಕೆ ಹೋಗಿ, ಚಿಕ್ಕಪ್ಪ ಬಡಗದಲ್ಲೇ ಇದ್ದರೆ, ಕಳೆದ ಆ ದಿನದ ಹೊಣೆ ನನ್ನ ತಲೆಯ ಮೇಲೆ. ಇಷ್ಟೂ ನನಗೆ ಸ್ಪಷ್ಟವಾಗಿ ಹೊಳೆದಿತ್ತು. ಆ ಹೊತ್ತಿಗೆ ಚಿಕ್ಕಮ್ಮ ಹಿತ್ತಲಿನಿಂದ ಎದ್ದು ಬಂದು ಅಂಗಳದ ಅಂಚಿನಲ್ಲಿ ನಿಂತಿದ್ದಳು. ಎರಡು ದಿನಗಳಲ್ಲಿ ಮೊದಲ ಸಲ ಎದ್ದಿದ್ದಳು. ಅವಳಿಗಾಗಿ ಸುಮ್ಮನಿದ್ದೆನೋ, ಇಷ್ಟು ಜನರ ಮುಂದೆ ಶನಿಯ ಹೆಸರೆತ್ತಲು ಹೆದರಿ ಸುಮ್ಮನಿದ್ದೆನೋ, ಪ್ರಾಮಾಣಿಕವಾಗಿ ಹೇಳಲಾರೆ. ಅಮ್ಮ ಬಾಗಿಲಲ್ಲೇ ಇದ್ದಳು. ಅವಳಿಗೆ ಗೊತ್ತಿತ್ತು. ಅವಳೂ ಸುಮ್ಮನಿದ್ದಳು.

ಎರಡು ದೋಣಿ ತೆಂಕಕ್ಕೆ ಹೋದವು. ಅವು ಕಾಣದಾಗುವವರೆಗೂ ನಾನು ದಂಡೆಯಲ್ಲಿ ನಿಂತಿದ್ದೆ. ಕೂಗಿ ಕರೆದರೆ ಕೇಳಿಸುವಷ್ಟು ದೂರದಲ್ಲಿ ಅವು ಬಹಳ ಹೊತ್ತು ಇದ್ದವು.

ಮಧ್ಯಾಹ್ನ ಮೂರರ ಸುಮಾರಿಗೆ ಬೆಳಂಬಾರದಿಂದ ಫೋನು ಬಂತು. ಇಬ್ಬರೂ ಜೀವಂತ ಸಿಕ್ಕಿದ್ದರು. ಮಳೆನೀರು ಕುಡಿದುಕೊಂಡಿದ್ದರು, ನಾಗೇಶನ ಕೈ ಮುರಿದಿತ್ತು. ದೋಣಿ ಸಿಕ್ಕಿದ್ದು ಮೂರನೆಯ ಮೂಗಿನ ಹೊರಗೆ. ಎರಡು ದಿನ ತೆಂಕಕ್ಕೆ ಎಳೆದುಕೊಂಡೇ ಬಂದ ಲಂಗರು, ರಾತ್ರಿ ಒಮ್ಮೆಲೇ ಎಲ್ಲೋ ಕಚ್ಚಿಕೊಂಡಿತು ಎಂದು ಚಿಕ್ಕಪ್ಪ ಆಮೇಲೆ ಹೇಳಿದ. “ಕಲ್ಲೇ. ಹಗ್ಗದಲ್ಲಿ ಕೈಗೆ ಗೊತ್ತಾಗ್ತದೆ. ಅದು ಹಿಡೀದೆ ಇದ್ದಿದ್ರೆ ದಂಡೆ ಹತ್ರದ ಮುರಿತೆರೆಗೆ ಹೋಗಿ ಬೀಳ್ತಿದ್ದೋ.”

ಇನ್ನು ನಾನು ತೆಗೆದುಕೊಂಡ ಕಷ್ಟ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಕಡಲೊಳಗಿನ ಪ್ರವಾಹ ತೆಂಕಕ್ಕೆ ಹರಿಯುತ್ತದೆ. ಎಷ್ಟೋ ವರ್ಷ ದೋಣಿ ನಡೆಸಿದ ಅಜ್ಜನಿಗೆ ಅದು ಗೊತ್ತಿರಲೇಬೇಕು. ಅಷ್ಟರಮಟ್ಟಿಗೆ ವಿಚಿತ್ರವೇನಿಲ್ಲ, ಕಾಗದ ಒಂದು ನೆಪ. ಆದರೆ ಕಲ್ಲು? ಬೆಳಂಬಾರಕ್ಕೆ ನಾನೇ ಹೋಗಿ ಅಲ್ಲಿಯ ಹಿರಿಯರನ್ನು ಕೇಳಿದೆ. “ಅಲ್ಲಿ ಬರೀ ರಾಡಿ. ಹುಟ್ಟಿದಾಗಿಂದ ಬಲೆ ಬಿಡ್ತೋ, ಒಂದು ಸಲವೂ ಹರಿದಿಲ್ಲ,” ಎಂದರು. ಮುಂದಿನ ವರ್ಷ ಚಿಕ್ಕಪ್ಪನೂ ಅದೇ ಜಾಗದಲ್ಲಿ ಲಂಗರು ಬಿಟ್ಟು ನೋಡಿದ. ಏನೂ ಕಚ್ಚಲಿಲ್ಲ.

ಕಾರವಾರದ ಆ ಕೆಫೆಗೂ ಹೋದೆ. ಕಂಪ್ಯೂಟರಿನಲ್ಲಿ ಅದೇ ಚಿತ್ರವನ್ನು ತೆರೆದು ಆ ಜಾಗವನ್ನು ದೊಡ್ಡದು ಮಾಡಿದೆ. ಚುಕ್ಕೆ ಇರಲಿಲ್ಲ. ಕಪ್ಪು, ಬರೀ ಕಪ್ಪು. ಅದೇ ಪ್ರಿಂಟರಿನಲ್ಲಿ ಮತ್ತೊಮ್ಮೆ ಮುದ್ರಿಸಿದೆ. ಈ ಸಲ ಚುಕ್ಕೆ ಬರಲಿಲ್ಲ. ಮೊದಲ ಸಲ ಮಸಿ ಅಲ್ಲಿ ಅಂಟಿರಲಿಲ್ಲ, ಅಷ್ಟೇ. ಅಂದರೆ ಅಜ್ಜ ಬೆರಳಿಟ್ಟ ಕಲ್ಲು ಟೈಟನ್ನಿನ ಕಡಲಿನಲ್ಲೂ ಇರಲಿಲ್ಲ. ಅದು ಇದ್ದದ್ದು ನನ್ನ ಕಾಗದದಲ್ಲಿ, ಮತ್ತು ಒಂದು ರಾತ್ರಿಯ ಮಟ್ಟಿಗೆ ಬೆಳಂಬಾರದ ಆಚೆ.

ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಅಜ್ಜನನ್ನು ಕೇಳಿದೆ. ಅದು ನಮ್ಮ ಕಡಲಲ್ಲ ಎಂದು ನಿನಗೆ ನೆನಪಿತ್ತೇ?

“ನೀನೇ ಹೇಳಿದ್ದೆಯಲ್ಲ,” ಎಂದ.

ಮತ್ತೆ?

“ಮತ್ತೆಂತ. ಕಲ್ಲು ಇತ್ತಲ್ಲ.”

ಮಾರನೆಯ ವರ್ಷ ಅಜ್ಜ ತೀರಿಕೊಂಡ. ಅಮ್ಮ ಈಗಲೂ ಶನಿವಾರ ಎಳ್ಳೆಣ್ಣೆಯ ದೀಪ ಹಚ್ಚುತ್ತಾಳೆ. ಯಾಕೆಂದು ನಾನು ಕೇಳಿಲ್ಲ.

ಆ ಕಾಗದ ಶನಿಯ ಚಂದ್ರನದು ಎಂದು ಚಿಕ್ಕಪ್ಪನಿಗೆ ಗೊತ್ತಿಲ್ಲ. ಮನೆಗೆ ಬಂದು ತಿಂಗಳಾದ ಮೇಲೆ, ಆ ನಕ್ಷೆ ದೋಣಿಯಲ್ಲಿ ಇಟ್ಟುಕೊಳ್ಳಬೇಕು, ಕೊಡು ಎಂದು ಕೇಳಿದ. ನನ್ನ ಬಳಿ ಆಗ ಎರಡು ಪ್ರತಿಗಳಿದ್ದವು. ಚುಕ್ಕೆಯಿಲ್ಲದ ಸರಿಯಾದ ಪ್ರತಿ, ಚುಕ್ಕೆಯಿರುವ ತಪ್ಪು ಪ್ರತಿ. ಎರಡೂ ನಮ್ಮ ಕಡಲಿನವಲ್ಲ. ಆಗಲೂ ಅದೇ ಒಂದು ವಾಕ್ಯ ನಾಲಿಗೆಯ ತುದಿಗೆ ಬಂದು ನಿಂತಿತು.

ಚುಕ್ಕೆಯಿರುವುದನ್ನು ಕೊಟ್ಟೆ. ಅದನ್ನು ಅವನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇವತ್ತಿಗೂ ದೋಣಿಯಲ್ಲಿ ಒಯ್ಯುತ್ತಾನೆ. ಸರಿಯಾದದ್ದು ನನ್ನ ಪೆಟ್ಟಿಗೆಯಲ್ಲಿದೆ. ಕಡಲು ಎದ್ದ ದಿನಗಳಲ್ಲಿ ಅದನ್ನು ತೆರೆದು, ಚುಕ್ಕೆ ಮೂಡಿದೆಯೇ ಎಂದು ಆ ಜಾಗವನ್ನು ನೋಡುತ್ತೇನೆ.